ಅಪ್‌ಡೇಟ್: ತೀರ್ಥಹಳ್ಳಿಯ ಅಕ್ಕನ ಮಗನ ತೂಕದ ವಿಚಾರ

ನಾಲ್ಕು ವರ್ಷದ ಹುಡುಗ, ಉಂಡು ಎದ್ದ ಕೂಡಲೇ ಮತ್ತೆ ಹಸಿವೆನ್ನುತ್ತಾನೆ, ಅಕ್ಕ ತಿನ್ನಿಸಿ ಕೆಡಿಸಿದಳೆಂದು ಊರೆಲ್ಲ ಆಡಿಕೊಳ್ಳುತ್ತಿದೆ, ಇದಕ್ಕೆ ವಂಶವಾಹಿಯೂ ಕಾರಣವಿರಬಹುದೇ ಎಂದು ಹಿಂದೆ ಕೇಳಿದ್ದೆ. ವರದಿ ಬಂದಿದೆ. ಅದೇ ಕಾರಣ.

ಶಿವಮೊಗ್ಗದ ಮಕ್ಕಳ ವೈದ್ಯರು ಮೊದಲು ಥೈರಾಯ್ಡ್ ನೋಡಿದರು, ಸರಿಯಿತ್ತು. ಅವರ ಗಮನ ಸೆಳೆದದ್ದು ಹುಡುಗನ ಎತ್ತರ. ಹಾರ್ಮೋನ್ ತೊಂದರೆಯಿಂದ ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಕುಳ್ಳಗಿರುತ್ತಾರಂತೆ; ಇವನು ವಯಸ್ಸಿಗೆ ಮೀರಿ ಬೆಳೆದಿದ್ದಾನೆ. ರಕ್ತದ ಮಾದರಿ ಬೆಂಗಳೂರಿಗೆ ಹೋಯಿತು. ಎಂಸಿ4ಆರ್ ಎಂಬ ಜೀನ್‌ನಲ್ಲಿ ದೋಷ. ಹೊಟ್ಟೆ ತುಂಬಿದ ಸುದ್ದಿಯನ್ನು ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಸ್ವೀಕರಿಸುವ ಗ್ರಾಹಕ (ರಿಸೆಪ್ಟರ್) ಎಂಬ ಪ್ರೋಟೀನ್ ತಯಾರಾಗುವುದು ಇದರಿಂದಲೇ. ಒಂದೇ ಜೀನ್‌ನ ದೋಷದಿಂದ ಬರುವ ಬೊಜ್ಜಿನಲ್ಲಿ ಇದೇ ಹೆಚ್ಚು ಸಾಮಾನ್ಯ. ದೋಷ ಬಂದಿರುವುದು ಭಾವನ ಕಡೆಯಿಂದ. ಅಕ್ಕನ ಅತ್ತೆ ಈಗ ಮಾತು ಕಡಿಮೆ ಮಾಡಿದ್ದಾರೆ!

ಸೋದರಿಕೆಯ ಮದುವೆ ಕಾರಣವೇ ಎಂದು ಕೆಲವರು ಕೇಳಿದ್ದಿರಿ. ಇಲ್ಲಿ ಅಲ್ಲ, ಅಪ್ಪನಿಂದೊಂದು ಅಮ್ಮನಿಂದೊಂದು ಬರುವ ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಸಾಕು. ಲೆಪ್ಟಿನ್ (ಹಸಿವು ತಗ್ಗಿಸುವ, ಕೊಬ್ಬಿನಿಂದ ಬರುವ ಹಾರ್ಮೋನ್) ಕೊರತೆಯಂಥದ್ದಕ್ಕೆ ಎರಡೂ ಪ್ರತಿಗಳು ಕೆಡಬೇಕು, ಸೋದರಿಕೆಯಲ್ಲಿ ಅದರ ಸಾಧ್ಯತೆ ಹೆಚ್ಚು. 1997ರಲ್ಲಿ ಅದು ಮೊದಲು ವರದಿಯಾದದ್ದು ಸೋದರ ಸಂಬಂಧಿಗಳಾದ ಇಬ್ಬರು ಮಕ್ಕಳಲ್ಲಿ. ಅದಕ್ಕೆ ಲೆಪ್ಟಿನ್ ಚುಚ್ಚುಮದ್ದಿದೆ.

ನಮ್ಮ ಹುಡುಗನಿಗೆ ಸದ್ಯ ಔಷಧ ಕೊಟ್ಟಿಲ್ಲ. ಬೆಳಗ್ಗೆ ಎರಡೇ ಕಡುಬು, ಹಲಸಿನ ಹಪ್ಪಳದ ಡಬ್ಬ ಅಟ್ಟಕ್ಕೇರಿದೆ. ಮನೆಯವರೆಲ್ಲ ಅವನಂತೆಯೇ ಉಣ್ಣಬೇಕು. ಭಾವನಿಗೆ ಇದೇ ದೊಡ್ಡ ಶಿಕ್ಷೆ. ಚಿಕ್ಕ ಮಗಳಿಗೂ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳ ಪರೀಕ್ಷೆ ಮುಂದಿನ ತಿಂಗಳು.