ಸೇವಿಂಗ್ ಥ್ರೋನಲ್ಲಿ ಆಟಗಾರರು ಬರೀ ಪಾಸ್ ಆಗ್ತಿದ್ದಾರೆ, ಲೆಕ್ಕ ಎಲ್ಲಿ ತಪ್ಪಿದೆ?

ಹೊಸ_ಡಿಎಂ:
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ, 2014ರ ಪುಸ್ತಕ. ಪಾರ್ಟಿ (ಆಟಗಾರರ ತಂಡ) 7ನೇ ಲೆವೆಲ್. ಎದುರಿಗೆ ಒಬ್ಬ ಮಾಂತ್ರಿಕ: ಇಂಟೆಲಿಜೆನ್ಸ್ 17, ಕಾನ್‌ಸ್ಟಿಟ್ಯೂಷನ್ 11, ಪ್ರೊಫಿಶಿಯನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ಸೇರೋ ಅಂಕ) +3. ಸೇವಿಂಗ್ ಥ್ರೋ (ಸೇವ್) ಅಂದ್ರೆ ಮಂತ್ರದಿಂದ ಪಾರಾಗೋಕೆ ಉರುಳಿಸೋ 20 ಮುಖದ ದಾಳ; ಅದು ಮುಟ್ಟಬೇಕಾದ ಸಂಖ್ಯೆ, ಡಿಸಿ, 11 ಅಂತ ಇಟ್ಟಿದ್ದೆ. ಹಾಕಿದ ಮಂತ್ರವೆಲ್ಲ ಠುಸ್!

ಶೀಟ್‌ನಲ್ಲಿ ಇರೋದು:
ಫೈಟರ್: ವಿಸ್ಡಮ್ 8, ವಿಸ್ಡಮ್ ಸೇವ್ +2
ಕ್ಲೆರಿಕ್: ಡೆಕ್ಸ್ಟೆರಿಟಿ 10, ಡೆಕ್ಸ್ಟೆರಿಟಿ ಸೇವ್ +3
ರೋಗ್: ಡೆಕ್ಸ್ಟೆರಿಟಿ 18, ಡೆಕ್ಸ್ಟೆರಿಟಿ ಸೇವ್ +7

ಇನ್ನೂ ಎರಡು ಗೊಂದಲ. ಹೋಲ್ಡ್ ಪರ್ಸನ್ (ಅಲುಗಾಡದಂತೆ ಹಿಡಿದಿಡೋ ಮಂತ್ರ) ಬಿದ್ದವನು ತನ್ನ ಸರದಿ ಶುರುವಾದಾಗ ಸೇವ್ ಉರುಳಿಸಬೇಕಾ, ಮುಗಿದಾಗಲಾ? ಕ್ಲೆರಿಕ್ ಬ್ಲೆಸ್ (ಸೇವ್ ಹೆಚ್ಚಿಸೋ ಮಂತ್ರ) ಹಾಕಿಕೊಂಡಿರುವಾಗ ಫೈರ್‌ಬಾಲ್ ಬಿದ್ದರೆ ಯಾವ ಸೇವ್ ಮೊದಲು, ಬೆಂಕಿಯದಾ, ಬ್ಲೆಸ್ ಕೈತಪ್ಪದಂತೆ ಹಿಡಿದಿಡೋ ಕಾನ್ಸಂಟ್ರೇಶನ್ (ಏಕಾಗ್ರತೆ) ಸೇವಾ?

ಇಪ್ಪತ್ತು_ಮುಖ:
ಎರಡು ಕಡೆ ತಪ್ಪಿದೆ, ಎರಡೂ ಆಟಗಾರರಿಗೇ ಲಾಭ ಮಾಡಿವೆ.

ಡಿಸಿ ಅಂದ್ರೆ 8 + ಪ್ರೊಫಿಶಿಯನ್ಸಿ ಬೋನಸ್ + ಮಂತ್ರ ಹಾಕೋ ಎಬಿಲಿಟಿಯ ಮಾಡಿಫೈಯರ್ (ಆ ಎಬಿಲಿಟಿಯ ಅಂಕದಿಂದ ಬರೋ ಕೂಡು-ಕಳೆ ಸಂಖ್ಯೆ). ಇಂಟೆಲಿಜೆನ್ಸ್ 17ಕ್ಕೆ +3 ಬರುತ್ತೆ. 8+3+3 = 14. ಎರಡೂ +3 ಆಗಿರೋದ್ರಿಂದ ಒಂದನ್ನು ಸೇರಿಸಿ ಮುಗೀತು ಅಂದುಕೊಂಡಿದ್ದೀರಿ.

ಶೀಟ್‌ಗೆ ಬನ್ನಿ. ವಿಸ್ಡಮ್ 8ರ ಮಾಡಿಫೈಯರ್ −1. ಅದು +2 ಆಗಬೇಕಾದ್ರೆ ಯಾರೋ ಪ್ರೊಫಿಶಿಯನ್ಸಿಯ +3 ಸೇರಿಸಿರಲೇಬೇಕು. ಫೈಟರ್‌ಗೆ ಅದು ಸಿಗೋದು ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಷನ್ ಸೇವ್‌ಗೆ ಮಾತ್ರ. ಕ್ಲೆರಿಕ್‌ಗೆ ವಿಸ್ಡಮ್, ಕರಿಸ್ಮಾ. ರೋಗ್‌ಗೆ ಡೆಕ್ಸ್ಟೆರಿಟಿ, ಇಂಟೆಲಿಜೆನ್ಸ್. ಕ್ಲಾಸ್ (ಪಾತ್ರದ ವರ್ಗ) ಕೊಡೋದು ಶುರುವಿನಲ್ಲಿ ಈ ಎರಡನ್ನೇ. ಶೀಟ್‌ನಲ್ಲಿ ಆರು ಸೇವ್‌ಗಳ ಪಕ್ಕ ಪುಟ್ಟ ವೃತ್ತಗಳಿವೆಯಲ್ಲ, ತುಂಬಬೇಕಾದದ್ದು ಆ ಎರಡನ್ನು. ನಿಮ್ಮವರು ಆರನ್ನೂ ತುಂಬಿದ ಹಾಗಿದೆ. ರೋಗ್‌ನ +7 ಮಾತ್ರ ಸರಿ (4+3). ಕ್ಲೆರಿಕ್‌ನ ಡೆಕ್ಸ್ಟೆರಿಟಿ ಸೇವ್ +0.

ಎರಡೂ ಸೇರಿ ಎಷ್ಟು ವ್ಯತ್ಯಾಸ ಅಂದ್ರೆ: ಹಳೇ ಲೆಕ್ಕದಲ್ಲಿ ಫೈಟರ್‌ಗೆ ವಿಸ್ಡಮ್ ಸೇವ್‌ನಲ್ಲಿ 9 ಬಿದ್ದರೆ ಸಾಕಿತ್ತು, ಶೇ. 60. ಸರಿ ಲೆಕ್ಕದಲ್ಲಿ 15 ಬೀಳಬೇಕು, ಶೇ. 30. ಕ್ಲೆರಿಕ್‌ ಫೈರ್‌ಬಾಲ್‌ಗೆ ಶೇ. 65ರಿಂದ 35ಕ್ಕೆ ಇಳೀತಾನೆ. ರೋಗ್ 85ರಿಂದ 70ಕ್ಕೆ, ಅವನಿಗೇನೂ ಚಿಂತೆಯಿಲ್ಲ.

ಹೋಲ್ಡ್ ಪರ್ಸನ್: ಮಂತ್ರ ಬಿದ್ದ ಕೂಡಲೇ ಒಂದು ಸೇವ್. ಅದು ಫೇಲ್ ಆದರೆ ಆಮೇಲೆ ತನ್ನ ಪ್ರತಿ ಸರದಿಯ ಕೊನೆಗೆ ಒಂದು. ಶುರುವಿನಲ್ಲೇ ಉರುಳಿಸೋಕೆ ಬಿಟ್ಟರೆ ಪಾಸ್ ಆದವನು ಅದೇ ಸರದಿಯಲ್ಲಿ ಓಡಿ ಬಂದು ಹೊಡೀತಾನೆ, ಮಂತ್ರ ದಂಡ. ಕೊನೆಗೆ ಪಾಸ್ ಆದರೂ ಆ ಸರದಿ ಹೋಯ್ತು ಅಂತಲೇ ಲೆಕ್ಕ.

ಹಳೇ_ಗವಿ:
ನ್ಯಾಚುರಲ್ 20 (ದಾಳದಲ್ಲೇ 20) ಬಿದ್ರೆ ಡಿಸಿ ಎಷ್ಟಿದ್ರೂ ಪಾಸ್ ಅಲ್ವಾ?

ಇಪ್ಪತ್ತು_ಮುಖ:
ಅದು 2003ರ 3.5 ಆವೃತ್ತಿಯ ನಿಯಮ. ಅಲ್ಲಿ ಸೇವ್‌ಗಳು ಮೂರೇ (ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್), 20 ಬಿದ್ದರೆ ಪಾಸ್, 1 ಬಿದ್ದರೆ ಫೇಲ್. 5ನೇ ಆವೃತ್ತಿಯಲ್ಲಿ ಅದು ಅಟ್ಯಾಕ್‌ಗೆ ಮಾತ್ರ ಉಳಿದಿದೆ. ಡಿಸಿ 20, ಸೇವ್ −1, ದಾಳ 20: ಒಟ್ಟು 19, ಫೇಲ್. ಒಂದೇ ಅಪವಾದ ಡೆತ್ ಸೇವ್ (ಹಿಟ್ ಪಾಯಿಂಟ್, ಅಂದ್ರೆ ಜೀವದ ಅಂಕ, 0 ಆದಾಗ ಉರುಳಿಸೋದು). ಅದಕ್ಕೆ ಡಿಸಿ 10, ಮಾಡಿಫೈಯರ್ ಇಲ್ಲ, 20 ಬಿದ್ದರೆ 1 ಹಿಟ್ ಪಾಯಿಂಟ್‌ನೊಂದಿಗೆ ಎಚ್ಚರಗೊಳ್ತಾರೆ, 1 ಬಿದ್ದರೆ ಎರಡು ಫೇಲ್ ಒಟ್ಟಿಗೆ.

ಮಂತ್ರದಂಡ:
ಬ್ಲೆಸ್ ಪ್ರಶ್ನೆಗೆ ಕ್ರಮ ಹೀಗೆ. ಫೈರ್‌ಬಾಲ್‌ನ 8ಡಿ6 (ಆರು ಮುಖದ ಎಂಟು ದಾಳ) ಒಂದೇ ಸಲ ಉರುಳಿಸಿ, ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ. 31 ಬಂತು ಅನ್ನಿ. ಕ್ಲೆರಿಕ್‌ ಮೊದಲು ಡೆಕ್ಸ್ಟೆರಿಟಿ ಸೇವ್ ಉರುಳಿಸಲಿ, ಬ್ಲೆಸ್‌ನ ಡಿ4 (ನಾಲ್ಕು ಮುಖದ ದಾಳ) ಸೇರಿಸಿ. ಪಾಸ್ ಆದರೆ 15 (ಅರ್ಧ ಯಾವಾಗಲೂ ಕೆಳಗಿನ ಸಂಖ್ಯೆಗೆ), ಫೇಲ್ ಆದರೆ 31. ಡ್ಯಾಮೇಜ್ ಕಳೆದ ಮೇಲೆಯೇ ಕಾನ್ಸಂಟ್ರೇಶನ್. ಅದಕ್ಕೆ ಡಿಸಿ 10 ಅಥವಾ ತಗಲಿದ ಡ್ಯಾಮೇಜ್‌ನ ಅರ್ಧ, ಯಾವುದು ದೊಡ್ಡದೋ ಅದು. 15 ತಗಲಿದ್ದರೆ ಅರ್ಧ 7, ಹಾಗಾಗಿ ಡಿಸಿ 10. 31 ತಗಲಿದ್ದರೆ ಡಿಸಿ 15. ಈ ಕಾನ್‌ಸ್ಟಿಟ್ಯೂಷನ್ ಸೇವ್‌ಗೂ ಡಿ4 ಸೇರುತ್ತೆ. ಸೇವ್ ಫೇಲ್ ಆಗೋವರೆಗೂ ಬ್ಲೆಸ್ ಚಾಲ್ತಿಯಲ್ಲೇ ಇರುತ್ತಲ್ಲ. ಇಲ್ಲಿ ಮಾಂತ್ರಿಕನ ಡಿಸಿ 14 ತಂದು ಹಾಕಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದೇ ನಿಯಮ ನಿಮ್ಮ ಮಾಂತ್ರಿಕನಿಗೂ ಅನ್ವಯಿಸುತ್ತೆ. ಹೋಲ್ಡ್ ಪರ್ಸನ್‌ಗೂ ಕಾನ್ಸಂಟ್ರೇಶನ್ ಬೇಕು. ಕಾನ್‌ಸ್ಟಿಟ್ಯೂಷನ್ 11 ಅಂದ್ರೆ +0, ಡಿಸಿ 10ಕ್ಕೆ ಶೇ. 55. ಪ್ರತಿ ಏಟಿಗೂ ಬೇರೆ ಸೇವ್, ಎಲ್ಲ ಕೂಡಿಸಿ ಒಂದಲ್ಲ. ತಲಾ 21ಕ್ಕಿಂತ ಹೆಚ್ಚಿಲ್ಲದ ಎರಡು ಏಟು ತಗಲಿದರೆ ಮಂತ್ರ ಉಳಿಯೋ ಸಾಧ್ಯತೆ ಶೇ. 30ರಷ್ಟೇ. ಫೈಟರ್‌ ತಾನೇ ಬಿಡಿಸಿಕೊಳ್ಳೋ ಸಾಧ್ಯತೆಯೂ ಸರದಿಗೆ ಶೇ. 30. ಹಾಗಾಗಿ ಅವನ ದಾಳ ನಂಬಿ ಕೂರೋ ಬದಲು ಮಾಂತ್ರಿಕನಿಗೆ ಎರಡು ಬಾಣ ಬಿಡೋದು ಎಷ್ಟೋ ವಾಸಿ. ಆಟಗಾರರಿಗೆ ಇದನ್ನು ಹೇಳಿಕೊಡಬೇಕಾ ಬೇಡವಾ ಅನ್ನೋದು ನಿಮಗೆ ಬಿಟ್ಟದ್ದು.

ಹೊಸ_ಡಿಎಂ:
ಶೀಟ್ ಮೂರೂ ತಿದ್ದಿಸಿದೆ. ಈಗ ಫೈಟರ್ ಆಡುವವರು ರೆಸಿಲಿಯೆಂಟ್ ಫೀಟ್ (ಒಂದು ಎಬಿಲಿಟಿಗೆ 1 ಅಂಕ, ಅದರ ಸೇವ್‌ಗೆ ಪ್ರೊಫಿಶಿಯನ್ಸಿ ಕೊಡೋ ವಿಶೇಷ ಸಾಮರ್ಥ್ಯ) ತಗೋಬೇಕು ಅಂತಿದ್ದಾರೆ, ಉಪಯೋಗ ಇದೆಯಾ? ಹೋಲ್ಡ್ ಪರ್ಸನ್‌ನಲ್ಲಿ ಸಿಕ್ಕವರ ಮೇಲೆ ಫೈರ್‌ಬಾಲ್ ಬಿದ್ದರೆ ಏನು ಮಾಡೋದು?

ಇಪ್ಪತ್ತು_ಮುಖ:
8ನೇ ಲೆವೆಲ್‌ನಲ್ಲಿ ತಗೋಬಹುದು, ನೀವು ಫೀಟ್‌ಗಳಿಗೆ ಒಪ್ಪಿದ್ದರೆ. ವಿಸ್ಡಮ್ 8 ಹೋಗಿ 9 ಆಗುತ್ತೆ, ಮಾಡಿಫೈಯರ್ ಮಾತ್ರ −1 ಆಗೇ ಇರುತ್ತೆ, ಆ ಅಂಕ ವ್ಯರ್ಥ. ಆದರೆ ಪ್ರೊಫಿಶಿಯನ್ಸಿ ಸಿಕ್ಕಿ ಸೇವ್ ನಿಜವಾಗಿ +2 ಆಗುತ್ತೆ, ಡಿಸಿ 14ಕ್ಕೆ ಶೇ. 45. ಬ್ಲೆಸ್ ಸರಾಸರಿ 2.5 ಸೇರಿಸುತ್ತೆ, ಅದೂ ಫೀಟ್ ಖರ್ಚಿಲ್ಲದೆ. 9ನೇ ಲೆವೆಲ್‌ನಲ್ಲಿ ಫೈಟರ್‌ಗೆ ಇಂಡಾಮಿಟೆಬಲ್ ಬರುತ್ತೆ, ಫೇಲ್ ಆದ ಸೇವನ್ನು ಮತ್ತೊಮ್ಮೆ ಉರುಳಿಸಬಹುದು.

ಹೋಲ್ಡ್ ಪರ್ಸನ್‌ನಿಂದ ಪ್ಯಾರಲೈಜ್ ಆದವರಿಗೆ ಸ್ಟ್ರೆಂತ್, ಡೆಕ್ಸ್ಟೆರಿಟಿ ಸೇವ್ ತಂತಾನೇ ಫೇಲ್, ದಾಳವೇ ಮುಟ್ಟೋ ಹಾಗಿಲ್ಲ. ಬ್ಲೆಸ್ ಇದ್ದರೂ ಪ್ರಯೋಜನವಿಲ್ಲ. ಫೈಟರ್‌ಗೆ ಪೂರ್ತಿ 31.

ರೋಗ್‌ಗೆ 7ನೇ ಲೆವೆಲ್‌ನಲ್ಲಿ ಇವೇಶನ್ ಇದೆ. ಮಾಮೂಲಿ ಸ್ಥಿತಿಯಲ್ಲಿ ಪಾಸ್ ಆದರೆ 0, ಫೇಲ್ ಆದರೆ 15. ಪ್ಯಾರಲೈಜ್ ಆಗಿದ್ದರೂ 2014ರ ಪುಸ್ತಕದ ಪ್ರಕಾರ ಅದು ಕೆಲಸ ಮಾಡುತ್ತೆ, ಸೇವ್ ಫೇಲ್ ಅಂತ ಹಿಡಿದು 15 ಕಳೆಯಿರಿ. ಕೈಕಾಲು ಆಡಿಸಲಾಗದವನು ಬೆಂಕಿಯಿಂದ ಹೇಗೆ ತಪ್ಪಿಸಿಕೊಂಡ ಅಂತ ಯಾರಾದ್ರೂ ಕೇಳಿದರೆ ನ್ಯಾಯವಾದ ಪ್ರಶ್ನೆಯೇ. 2024ರ ಪುಸ್ತಕದಲ್ಲಿ ಇನ್‌ಕ್ಯಾಪಾಸಿಟೇಟ್ (ಏನೂ ಮಾಡಲಾಗದ ಸ್ಥಿತಿ) ಆದವರಿಗೆ ಇವೇಶನ್ ಇಲ್ಲ ಅಂತ ಸೇರಿಸಿದ್ದಾರೆ, ಅಲ್ಲಿ ರೋಗ್‌ಗೂ 31.