ಸಿಪಿಯು ಅರ್ಧ ಖಾಲಿ, ಸರ್ವರ್ ಮಾತ್ರ ನಿಧಾನ. ಹೈಪರ್‌ಥ್ರೆಡಿಂಗ್ ಆಫ್ ಮಾಡಬೇಕಾ?

ರಾತ್ರಿಪಾಳಿ:
ಕೋರಮಂಗಲದಲ್ಲಿ ನಮ್ಮದೊಂದು ಚಿಕ್ಕ ಕಂಪನಿ, ಟಿಕೆಟ್ ಬುಕಿಂಗ್ ಕೆಲಸ. ಇರುವುದು ಒಂದೇ ಸರ್ವರ್, ಸಿಪಿಯುನಲ್ಲಿ 16 ಕೋರ್ (ನಿಜವಾಗಿ ಕೆಲಸ ಮಾಡುವ ಭಾಗ). ಹೈಪರ್‌ಥ್ರೆಡಿಂಗ್ ಅಂದರೆ ಒಂದು ಕೋರ್ ಒಟ್ಟಿಗೆ ಎರಡು ಕೆಲಸದ ಸಾಲು, ಅಂದರೆ ಥ್ರೆಡ್, ತಗೊಳ್ಳುವುದು; ಹಾಗಾಗಿ 32 ಥ್ರೆಡ್. ಜಾವಾ ಸರ್ವಿಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರಡೂ ಅದರಲ್ಲೇ ಓಡುತ್ತವೆ. ಸಂಜೆ ಏಳಕ್ಕೆ ಜನ ಜಾಸ್ತಿ. ಆಗಲೂ ಸಿಪಿಯು ಗ್ರಾಫ್ 55% ದಾಟುವುದಿಲ್ಲ, ಆದರೆ ಪೇಜ್ ತೆರೆಯೋಕೆ ಎರಡು ಮೂರು ಸೆಕೆಂಡ್ ಬೇಕು. ಮ್ಯಾನೇಜರ್ "ಅರ್ಧ ಮೆಷಿನ್ ಸುಮ್ನೆ ಬಿದ್ದಿದೆಯಲ್ಲಪ್ಪ, ಹೊಸದು ಯಾಕೆ" ಅನ್ನುತ್ತಾರೆ. ಪಕ್ಕದ ಸೀಟಿನವನು ಹೈಪರ್‌ಥ್ರೆಡಿಂಗ್ ಆಫ್ ಮಾಡು, ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಹಳೇ ಅಡ್ಮಿನ್:
ಇಬ್ಬರದ್ದೂ ಬೇಡ.

ಮೊದಲು ಆ 55% ನೋಡಿ. ನಿಮ್ಮ ಹತ್ತಿರ ಇರುವುದು 16 ಕೋರ್ ಅಷ್ಟೇ. ಲಿನಕ್ಸ್‌ಗೆ 32 ಕಾಣುತ್ತದೆ, ಒಂದೊಂದನ್ನೂ ಪೂರ್ತಿ ಸಿಪಿಯು ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ 16 ಕೋರ್‌ನಲ್ಲೂ ಒಂದೊಂದು ಥ್ರೆಡ್ ಬಿಡುವಿಲ್ಲದೆ ಓಡುತ್ತಿದ್ದರೂ ಗ್ರಾಫ್ ತೋರಿಸುವುದು 50%. 2002ರಲ್ಲಿ ಹೈಪರ್‌ಥ್ರೆಡಿಂಗ್ ತಂದಾಗ ಇಂಟೆಲ್‌ನವರೇ ಹೇಳಿಕೊಂಡಿದ್ದು ಹೆಚ್ಚೆಂದರೆ 30% ಲಾಭ ಅಂತ. ಆ 30% ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ: 16 ಕೋರ್ 100 ಕೆಲಸ ಮಾಡಿದರೆ 32 ಥ್ರೆಡ್ ಸೇರಿ 130. ಅಂದರೆ ಗ್ರಾಫ್ 50% ತೋರಿಸುವ ಹೊತ್ತಿಗೆ ನಿಮ್ಮ ಮೆಷಿನ್ ಮುಕ್ಕಾಲು ಭಾಗ ಖರ್ಚಾಗಿದೆ.

ದರ್ಶಿನಿಯಲ್ಲಿ ಕಾವಲಿ ಒಂದು, ಭಟ್ಟರು ಒಬ್ಬರು, ಕ್ಯೂ ಎರಡು ಅಂದುಕೊಳ್ಳಿ; ಕಾವಲಿ ಅಂದರೆ ಕೋರ್, ಕ್ಯೂ ಅಂದರೆ ಥ್ರೆಡ್. ಒಂದು ಕ್ಯೂನವನು ಟೋಕನ್ ಎಲ್ಲಿಟ್ಟೆ ಅಂತ ಜೇಬು ತಡಕುತ್ತಾ ನಿಂತರೆ, ಅಷ್ಟರಲ್ಲಿ ಭಟ್ಟರು ಇನ್ನೊಂದು ಕ್ಯೂನವನಿಗೆ ದೋಸೆ ಹುಯ್ದುಬಿಡುತ್ತಾರೆ. ಕ್ಯಾಶ್‌ನಲ್ಲಿ (ಸಿಪಿಯು ಒಳಗಿನ ಚಿಕ್ಕ, ವೇಗದ ಮೆಮೊರಿ) ಸಿಗದ ಡೇಟಾ ರ್‍ಯಾಮ್‌ನಿಂದ ಬರೋಕೆ ಸಿಪಿಯು ಗಡಿಯಾರದ ನೂರಾರು ಬಡಿತ (ಸೈಕಲ್) ಬೇಕು, ಆ ಜೇಬು ತಡಕುವ ಹೊತ್ತು ಇದೇ. ಇಬ್ಬರೂ ಟೋಕನ್ ಹಿಡಿದು ರೆಡಿ ಇದ್ದರೆ? ಕಾವಲಿ ಒಂದೇ ಅಲ್ವಾ, ಇಬ್ಬರಿಗೂ ತಡ. ಒಟ್ಟು ದೋಸೆ ಜಾಸ್ತಿ ಆಗಬಹುದು, ನಿಮ್ಮ ದೋಸೆ ಬೇಗ ಬರುವುದಿಲ್ಲ.

ಆದರೆ ಎರಡು ಮೂರು ಸೆಕೆಂಡ್‌ಗೆ ಬರೀ ಇದೇ ಕಾರಣ ಇರಲಾರದು. ಡೇಟಾಬೇಸ್ ಕ್ವೆರಿ, ಡಿಸ್ಕ್ ಎರಡನ್ನೂ ನೋಡಿ.

ಮೆಜೆಸ್ಟಿಕ್ ಟು ಐಟಿಪಿಎಲ್:
ಪಕ್ಕದ ಸೀಟಿನವನು ಪೂರ್ತಿ ತಪ್ಪಲ್ಲ ಗುರು. ನಮ್ಮಲ್ಲಿ ಸಿಮ್ಯುಲೇಷನ್ ಓಡಿಸುವ ಮೆಷಿನ್‌ಗಳಲ್ಲಿ ಆಫ್ ಮಾಡಿಯೇ ಇಟ್ಟಿದ್ದೇವೆ. ಬರೀ ಮ್ಯಾಟ್ರಿಕ್ಸ್ ಗುಣಾಕಾರ, ಒಂದೇ ಥ್ರೆಡ್ ಇಡೀ ಕೋರ್ ತಿಂದು ಮುಗಿಸುತ್ತದೆ. ಎರಡನೆಯದು ಬಂದರೆ ಆ ಕೋರ್‌ನ ಎಲ್1 ಕ್ಯಾಶ್‌ಗೆ ಕಿತ್ತಾಟ ಅಷ್ಟೇ. ನಿಮ್ಮದು ಡೇಟಾಬೇಸ್, ಮೆಮೊರಿಗೆ ಕಾಯುವುದೇ ಜಾಸ್ತಿ, ಆನ್ ಇದ್ದರೇನೇ ಲಾಭ. ಅಂದಾಜು ಬೇಡ, ಒಂದು ಸಂಜೆ ಆಫ್ ಮಾಡಿ ಅಳೆಯಿರಿ. ಬಯಾಸ್‌ಗೆ ಹೋಗುವುದೂ ಬೇಕಿಲ್ಲ, ಲಿನಕ್ಸ್ ಓಡುತ್ತಿರುವಾಗಲೇ ಎಸ್‌ಎಂಟಿ (ಹೈಪರ್‌ಥ್ರೆಡಿಂಗ್‌ನ ಸಾಮಾನ್ಯ ಹೆಸರು) ಕಂಟ್ರೋಲ್ ಫೈಲ್‌ಗೆ ಆಫ್ ಅಂತ ಬರೆದರೆ ಆಯ್ತು.

ಇನ್ನೊಂದು. ಬೇರೆಯವರ ಕೋಡ್ ಅದೇ ಮೆಷಿನ್‌ನಲ್ಲಿ ಓಡುತ್ತದಾ? ಒಂದೇ ಕೋರ್ ಹಂಚಿಕೊಂಡ ಥ್ರೆಡ್‌ಗಳ ನಡುವೆ ಡೇಟಾ ಸೋರಬಹುದು ಅನ್ನುವ ಭಯಕ್ಕೇ 2018ರಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂನವರು ಹೈಪರ್‌ಥ್ರೆಡಿಂಗ್ ಅನ್ನು ಡೀಫಾಲ್ಟ್ ಆಗಿ ಆಫ್ ಮಾಡಿದ್ದು. ನಿಮ್ಮದೇ ಕೋಡ್ ಮಾತ್ರ ಇದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಹಳೇ ಅಡ್ಮಿನ್:
ಹೌದು. ಕ್ಲೌಡ್‌ಗೆ ಹೋಗುವ ಯೋಚನೆ ಇದ್ದರೂ ಇದೇ ಲೆಕ್ಕ. ಅಮೆಜಾನ್‌ನಲ್ಲಿ ಇಂಟೆಲ್ ಮೆಷಿನ್ ತಗೊಂಡರೆ ಸಾಮಾನ್ಯವಾಗಿ ಒಂದು ವಿಸಿಪಿಯು (ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಸಿಪಿಯು ಲೆಕ್ಕ) ಅಂದರೆ ಒಂದು ಥ್ರೆಡ್, ಅಮೆಜಾನ್‌ನದೇ ಚಿಪ್ ಗ್ರಾವಿಟಾನ್‌ನಲ್ಲಿ ಪೂರ್ತಿ ಕೋರ್. ಹೆಸರು ಒಂದೇ, ಮಾಲು ಬೇರೆ.

ರಾತ್ರಿಪಾಳಿ:
ನಿನ್ನೆ ಸಂಜೆ ಆಫ್ ಮಾಡಿ ನೋಡಿದೆ. ಗ್ರಾಫ್ ಸೀದಾ 97%, ಪೇಜ್ ಇನ್ನಷ್ಟು ನಿಧಾನ. ಹತ್ತು ನಿಮಿಷಕ್ಕೇ ವಾಪಸ್ ಆನ್ ಮಾಡಿದೆ. ಆದರೆ ಆ ಗ್ರಾಫ್‌ನ ಸ್ಕ್ರೀನ್‌ಶಾಟ್ ನೋಡಿ ಮ್ಯಾನೇಜರ್ ಹೊಸ ಸರ್ವರ್‌ಗೆ ಕೊಟೇಶನ್ ತರಿಸು ಅಂದರು. ಜೊತೆಗೆ ಡೇಟಾಬೇಸ್‌ನ ಬುಕಿಂಗ್ ಟೇಬಲ್‌ಗೆ ಒಂದು ಇಂಡೆಕ್ಸ್ (ಬೇಗ ಹುಡುಕೋಕೆ ಬೇಕಾದ ಸೂಚಿ) ಇರಲೇ ಇಲ್ಲ, ಹಾಕಿದ ಮೇಲೆ ಪೇಜ್ ಥಟ್ಟಂತ ತೆರೆಯುತ್ತಿದೆ. ಆ ಟೇಬಲ್ ಮಾಡಿದ್ದು ಯಾರು ಅಂತ ಮಾತ್ರ ಕೇಳಬೇಡಿ.