ನಡುವೆ ಸೊನ್ನೆ ಬಂದರೆ ಮಗಳು ನಿಂತುಬಿಡುತ್ತಾಳೆ

ಮಗಳು ಮೂರನೇ ಕ್ಲಾಸು. ಕೂಡುವಾಗ 'ಕೈಯಲ್ಲಿ ಒಂದು' ಅಂತ ಸರಾಗವಾಗಿ ಮಾಡುತ್ತಾಳೆ. ಕಳೆಯುವಾಗ ಪಕ್ಕದಿಂದ ಸಾಲ ತರುವುದೂ ಗೊತ್ತು. ಆದರೆ 503ರಲ್ಲಿ 267 ಕಳಿ ಅಂದರೆ 364 ಬರೆಯುತ್ತಾಳೆ. ಬೈದರೆ ಅಳು. ನಿಮ್ಮ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

— ಅಕ್ಕಾ, 364 ಎಲ್ಲಿಂದ ಬಂತು ನೋಡಿದಿರಾ? ಸುಮ್ನೆ ಗೀಚಿದ್ದಲ್ಲ. ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಾಳೆ: 7ರಲ್ಲಿ 3, 6ರಲ್ಲಿ 0, 5ರಲ್ಲಿ 2. ನನ್ನ ಮಗನೂ ಹೀಗೇ ಮಾಡುತ್ತಿದ್ದ. ಸಾಲಕ್ಕೆ ಪಕ್ಕದ ಮನೆಗೆ ಹೋದರೆ ಅಲ್ಲೂ ಸೊನ್ನೆ, ಮಕ್ಕಳು ಇನ್ನೇನು ಮಾಡಬೇಕು? ನಾನು ಪುಸ್ತಕ ಮುಚ್ಚಿಸಿ ದುಡ್ಡು ತಂದಿಟ್ಟೆ. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ. 'ನನಗೆ 267 ಕೊಡು' ಅಂದೆ. ಬಿಡಿ ಏಳು ಇಲ್ಲ, ಹತ್ತರ ನೋಟೂ ಇಲ್ಲ. ತಲೆ ಕೆರೆದುಕೊಂಡು, 'ನೂರಕ್ಕೆ ಚಿಲ್ಲರೆ ಕೊಡಮ್ಮ' ಅಂತ ಅವನೇ ಕೇಳಿದ. ಹತ್ತರ ಹತ್ತು ನೋಟು ಕೊಟ್ಟೆ. ಅದರಲ್ಲಿ ಒಂದನ್ನು ಮತ್ತೆ ಬಿಡಿ ಮಾಡಿಸಿಕೊಂಡ. ಈಗ ನೂರರದು 4, ಹತ್ತರದು 9, ಬಿಡಿ 13. ಪುಸ್ತಕ ತೆಗೆದು 503ರ ತಲೆ ಮೇಲೆ ಅದನ್ನೇ ಬರೆಸಿದೆ. ಉಳಿದದ್ದು 236. ಸೊನ್ನೆ ಯಾಕೆ 9 ಆಯಿತು ಅಂತ ನಾನು ಹೇಳಲೇ ಇಲ್ಲ. (ಅಷ್ಟು ಒಂದು ರೂಪಾಯಿ ನಾಣ್ಯ ಎಲ್ಲಿ ಸಿಗುತ್ತದೆ? ಕೊನೆಗೆ ಹುಣಸೆ ಬೀಜ ಇಟ್ಟೆ.)

— ಮನೆಯಲ್ಲಿ ಬೇರೆ ಯಾರಾದರೂ ಹೇಳಿಕೊಡುತ್ತಾರಾ ನೋಡಿ ಮೇಡಂ. ನಮ್ಮಲ್ಲಿ ಗೊಂದಲ ಅಲ್ಲೇ ಇತ್ತು. ಅಜ್ಜ ಮೇಲಿನ ಅಂಕಿಯನ್ನು ಹೊಡೆಯುವುದೇ ಇಲ್ಲ. 13ರಲ್ಲಿ 7 ಹೋದರೆ 6. ಸಾಲ ತೀರಿಸಲು ಕೆಳಗಿನ 6 ಅನ್ನು 7 ಮಾಡು, 10ರಲ್ಲಿ 7 ಹೋದರೆ 3. ಕೆಳಗಿನ 2 ಈಗ 3, 5ರಲ್ಲಿ 3 ಹೋದರೆ 2. ಅದೇ 236, ಸೊನ್ನೆಯ ಕಾಟವೂ ಇಲ್ಲ. ನನಗಂತೂ ಇದೇ ಚೆಂದ. ಆದರೆ ಶಾಲೆಯಲ್ಲಿ ಮೇಲೆ ಹೊಡೆದು ಬರೆಸುತ್ತಾರೆ. ಮಗು ಎರಡನ್ನೂ ಬೆರೆಸಿ ಮೇಲೆ ಕಡಿಮೆ ಮಾಡಿ, ಕೆಳಗೂ ಜಾಸ್ತಿ ಮಾಡುತ್ತಿತ್ತು. ಅಜ್ಜನಿಗೆ ಮಗ್ಗಿ ಒಪ್ಪಿಸಿಕೊಳ್ಳುವ ಕೆಲಸ ಕೊಟ್ಟೆವು.

— ಚೌಕುಳಿ ಪುಸ್ತಕ ಕೊಡಿಸಿ, ಒಂದು ಮನೆಗೆ ಒಂದೇ ಅಂಕಿ. ಗುಣಿಸುವಾಗ ಇನ್ನೂ ಬೇಕಾಗುತ್ತದೆ. 46 × 23ಕ್ಕೆ 138ರ ಕೆಳಗೆ 920 ಬರೆಯುವ ಬದಲು 92 ಬರೆದು, 1058 ಬರಬೇಕಾದ ಕಡೆ 230 ತೋರಿಸಿದವರು ನಮ್ಮ ಮನೆಯಲ್ಲೂ ಇದ್ದಾರೆ.

— ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ನೋಟು, ಬೀಜ ಇಟ್ಟು ಮಾಡಿಸಿದೆ, 236 ಬಂತು! ಖುಷಿಯಲ್ಲಿ 1000ದಲ್ಲಿ 1 ಕಳಿ ಅಂದೆ. ಬಾಯಲ್ಲಿ ತಕ್ಷಣ 999 ಅಂದಳು. ಬರೆಯಲು ಕೂತು ಮೂರು ಸೊನ್ನೆಯ ತಲೆ ಮೇಲೂ 10 ಬರೆದಿದ್ದಾಳೆ. ಇವತ್ತು ಮತ್ತೆ ಬೀಜ ತೆಗೆಯಬೇಕು.